ಪಾದರಸದ ಸಿಟ್ಟು

ಆ ಬೀದಿಯವರು ಅವನನ್ನು ರಿಪೇರಿಯಣ್ಣ ಎಂದೂ ಅವನ ಹೆಂಡತಿಯನ್ನು ಹೊಲಿಗೆಯಕ್ಕ ಎಂದೂ ಕರೆಯುತ್ತಿದ್ದರು. ಅಣ್ಣನೂ ಅಕ್ಕನೂ ಗಂಡ ಹೆಂಡತಿಯಾಗಿ ಸಂಸಾರ ಮಾಡುವ ಮನೆ ಲೋಕದಲ್ಲಿ ಇದೊಂದೇ ಎಂದು ಎದುರಂಗಡಿಯ ಕ್ಷೌರಿಕ ಆಗಾಗ ತಮಾಷೆ ಮಾಡುತ್ತಿದ್ದ. ಹೊಲಿಗೆಯಕ್ಕ ನಗುತ್ತಿದ್ದಳು. ಆ ಮಾತು ಗಂಡನ ಕಿವಿಗೆ ಬೀಳದ ಹಾಗೆ ಮಾತ್ರ ನೋಡಿಕೊಳ್ಳುತ್ತಿದ್ದಳು.

ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಆಸ್ಪತ್ರೆ, ಕ್ಲಿನಿಕ್ಕುಗಳಿಂದ, ಒಮ್ಮೊಮ್ಮೆ ಮನೆಗಳಿಂದಲೂ ರಕ್ತದೊತ್ತಡ ನೋಡುವ ಹಳೇ ಮಾದರಿಯ ಪೆಟ್ಟಿಗೆಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಮುಚ್ಚಳ ಎತ್ತಿದರೆ ನೆಟ್ಟಗೆ ನಿಲ್ಲುವ ಗಾಜಿನ ನಳಿಗೆ, ಅದರಲ್ಲಿ ಏರಿ ಇಳಿಯುವ ಪಾದರಸ. ವರ್ಷಗಳು ಕಳೆದಂತೆ ಪಾದರಸ ಕಪ್ಪಿಡುತ್ತದೆ, ನಳಿಗೆಗೆ ಮಸಿ ಮೆತ್ತಿಕೊಂಡು ಅಂಕಿ ಕಾಣುವುದಿಲ್ಲ. ರಿಪೇರಿಯಣ್ಣ ಅದನ್ನು ಬಿಳಿಯ ತಟ್ಟೆಗೆ ಸುರಿದು, ಕಾಗದದ ಪೊಟ್ಟಣ ಮಾಡಿ, ತುದಿಗೆ ಸೂಜಿಯಲ್ಲಿ ಒಂದು ತೂತು ಚುಚ್ಚಿ ಸೋಸುತ್ತಿದ್ದ. ಕಪ್ಪು ಕಿಟ್ಟ ಕಾಗದದಲ್ಲಿ ಉಳಿದು, ಕೆಳಗಿನ ಬಟ್ಟಲಿಗೆ ಥಳಥಳ ಹೊಳೆಯುವ ಎಳೆ ಇಳಿಯುತ್ತಿತ್ತು. ನಳಿಗೆಯನ್ನು ತಂತಿಗೆ ಸುತ್ತಿದ ಹತ್ತಿಯಿಂದ ಉಜ್ಜಿ, ಮತ್ತೆ ಪಾದರಸ ತುಂಬಿ, ಸೊನ್ನೆಯ ಗೆರೆಗೆ ಸರಿಯಾಗಿ ನಿಲ್ಲಿಸುತ್ತಿದ್ದ. ಹದಿನೈದನೇ ವಯಸ್ಸಿನಲ್ಲಿ ಹಿಡಿದ ಕೆಲಸ. ಈಗ ಐವತ್ತೊಂಬತ್ತು. ಜ್ವರ ನೋಡುವ ಕಡ್ಡಿ ಒಡೆದರೆ ಬೀದಿಯವರು ನೆಲದ ಮೇಲೆ ಓಡಾಡುವ ಪಾದರಸದ ಗುಂಡುಗಳನ್ನು ಕಾಗದದಲ್ಲಿ ಬಳಿದು ಅವನಿಗೇ ತಂದುಕೊಡುತ್ತಿದ್ದರು. ಎಸೆಯುವುದಕ್ಕೆ ಅವರಿಗೆ ಮನಸ್ಸು ಬರುತ್ತಿರಲಿಲ್ಲ, ಅಷ್ಟು ಚೆಂದ ಅದು.

ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿಗಳನ್ನು ಹೊಲಿಯುವುದು ಹೊಲಿಗೆಯಕ್ಕನ ಪಾಲು. ನಡುಮನೆಯ ಬಾಗಿಲಿಗೆ ಹತ್ತಿರವಾಗಿ ಅವಳ ಮಿಷನ್ನು. ಪೆಟ್ಟಿಗೆಗಳನ್ನು ತರುವುದು, ಮುಟ್ಟಿಸುವುದು, ಡಾಕ್ಟರುಗಳ ಜೊತೆ ಮಾತಾಡುವುದು ಅವಳ ಮೈದುನನ, ಅಂದರೆ ರಿಪೇರಿಯಣ್ಣನ ತಮ್ಮನ ಕೆಲಸ. ಅವನಿಗೆ ಬಾಯಿ ಇತ್ತು. ರಿಪೇರಿಯಣ್ಣನೋ, ಗಿರಾಕಿ ಬಂದರೆ ಸಾಕು, ಮುಖ ಕೆಂಪಾಗಿ ಒಳಗೆ ಹೋಗಿಬಿಡುತ್ತಿದ್ದ. ಹಾಗೆ ಒಳಗೆ ಹೋದವನ ಎದುರಿಗೆ ಆ ಹೊತ್ತಿಗೆ ಯಾರು ಸಿಕ್ಕುತ್ತಾರೋ ಅವರಿಗೆ ಗ್ರಹಚಾರ. ಚಹಾ ಆರಿದ್ದರೆ ಲೋಟ ಗೋಡೆಗೆ. ಮಿಷನ್ನಿನ ಸದ್ದು ಜಾಸ್ತಿಯಾದರೆ ಬೈಗುಳ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಎದ್ದರೆ ನೆನಪಿಲ್ಲ. ಮೂವತ್ತೆರಡು ವರ್ಷ ಹೊಲಿಗೆಯಕ್ಕ ಆ ಮುಖದ ಬಣ್ಣ ನೋಡಿಕೊಂಡು ಬಾಳಿದ್ದಳು. ಕೆಲವರಿಗೆ ಗಂಡ ಕುಡುಕ, ಕೆಲವರಿಗೆ ಸೋಮಾರಿ, ನನಗೆ ಸಿಟ್ಟಿನವನು ಸಿಕ್ಕಿದ ಎಂದು ಸಮಾಧಾನ ಹೇಳಿಕೊಂಡಿದ್ದಳು.

ಮಗಳು ಹಾಗೆ ಹೇಳಿಕೊಳ್ಳಲಿಲ್ಲ. ಮದುವೆಯಾದ ಹೊಸದರಲ್ಲಿ ಅಳಿಯ ಊಟಕ್ಕೆ ಬಂದಿದ್ದಾಗ, "ಮಾವ, ಮುಖದ ಗಂಟು ಸ್ವಲ್ಪ ಸಡಿಲ ಮಾಡಿ, ನಾನೇನು ತೆರಿಗೆ ಕೇಳೋಕೆ ಬಂದವನಲ್ಲ" ಎಂದು ನಗಿಸಲು ನೋಡಿದ. ರಿಪೇರಿಯಣ್ಣ ತಟ್ಟೆ ತಳ್ಳಿ ಎದ್ದು, ಆಡಬಾರದ್ದನ್ನೆಲ್ಲ ಆಡಿದ. ಅಂದು ಹೊರಗೆ ಹೋದ ಮಗಳು ನಾಲ್ಕು ವರ್ಷದಿಂದ ಆ ಮನೆಯ ಹೊಸಿಲು ತುಳಿದಿರಲಿಲ್ಲ.

ಮೊದಲು ನಡುಗಿದ್ದು ಬಲಗೈ ಬೆರಳು. ಆಮೇಲೆ ಎರಡೂ ಕೈ. ಪೊಟ್ಟಣದ ತೂತಿನಿಂದ ಇಳಿಯುವ ಪಾದರಸ ಬಟ್ಟಲಿನ ಹೊರಗೆ ಚೆಲ್ಲತೊಡಗಿತು. ಚಮಚೆಯಿಂದ ಬಾಯಿಗೆ ಹೋಗಬೇಕಾದದ್ದು ಅಂಗಿಯ ಮೇಲೆ ಬೀಳುತ್ತಿತ್ತು. ಒಸಡಿನಲ್ಲಿ ರಕ್ತ. ವಯಸ್ಸಾಯಿತು ಎಂದು ಅವನು, ನರದ ದೌರ್ಬಲ್ಯ ಎಂದು ಮೈದುನ. ಹೊಲಿಗೆಯಕ್ಕ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದ ಡಾಕ್ಟರಮ್ಮ ಕೈ ಚಾಚಿ ಹಿಡಿಯಲು ಹೇಳಿ, ಕಾಗದದ ಮೇಲೆ ಸುರುಳಿ ಬರೆಸಿ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಳು. ಅವನು ಹೆಂಡತಿಯ ಕಡೆ ನೋಡಿದ. ಅವಳೇ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಮೂತ್ರ ಪರೀಕ್ಷೆಗೆ ಬರೆದುಕೊಟ್ಟಳು. ವಾರದ ಮೇಲೆ ವರದಿ ಬಂದಾಗ ಅವನನ್ನು ಹೊರಗೆ ಕೂರಿಸಿ, ಇವಳೊಬ್ಬಳನ್ನೇ ಒಳಗೆ ಕರೆದಳು.

"ನಿದ್ದೆ ಮಾಡ್ತಾರಾ?"

"ಇಲ್ಲ."

"ಸಣ್ಣಪುಟ್ಟದಕ್ಕೆಲ್ಲ ರೇಗ್ತಾರಾ? ಹೊಸಬರು ಬಂದ್ರೆ ಮಾತಾಡೋಕೆ ನಾಚಿಕೆ, ಹೆದರಿಕೆ? ಯಾರಾದ್ರೂ ನೋಡ್ತಿದ್ರೆ ಮಾಡೋ ಕೆಲಸ ತಪ್ಪುತ್ತಾ?"

ನಮ್ಮ ಮನೆಯ ಗೋಡೆಗೆ ಕಿವಿಯಿಟ್ಟು ಕೇಳಿಸಿಕೊಂಡವರ ಹಾಗೆ ಕೇಳುತ್ತಾಳಲ್ಲ ಎಂದು ಹೊಲಿಗೆಯಕ್ಕನಿಗೆ ಬೆವರು ಬಂತು. "ಅದು ಅವರ ಸ್ವಭಾವ" ಎಂದಳು.

"ಇರಬಹುದು. ಪಾದರಸದ ಆವಿ ಕುಡಿದ್ರೂ ಹೀಗೆಲ್ಲ ಆಗುತ್ತೆ. ಅದಕ್ಕೆ ವಾಸನೆ ಇಲ್ಲ, ಕಣ್ಣಿಗೆ ಕಾಣೋದೂ ಇಲ್ಲ. ಇವರು ನಲವತ್ತು ವರ್ಷದಿಂದ ಅದನ್ನೇ ಉಸಿರಾಡ್ತಾ ಬಂದಿದ್ದಾರೆ."

"ಹಾಗಾದ್ರೆ ಆ ಸಿಟ್ಟು ಅವರದ್ದಲ್ವಾ?"

ಡಾಕ್ಟರಮ್ಮ ವರದಿಯನ್ನು ಮಡಚಿಟ್ಟಳು. "ಇಷ್ಟು ಪಾದರಸದ್ದು, ಇಷ್ಟು ಇವರದ್ದು ಅಂತ ತೂಕ ಹಾಕೋಕೆ ನನ್ನಿಂದ ಆಗಲ್ಲಮ್ಮ. ಕೆಲಸ ಇವತ್ತೇ ಬಿಡಿಸಿ. ನಡುಕ ಒಂದಿಷ್ಟು ಕಡಿಮೆಯಾದೀತು. ಉಳಿದದ್ದಕ್ಕೆ ಮಾತು ಕೊಡಲಾರೆ."

ಕೆಲಸ ಬಿಡಿಸಿದ್ದಾಯಿತು. ತಟ್ಟೆ, ಬಟ್ಟಲು, ಬಾಟಲಿಗಳನ್ನು ಮೈದುನ ಕೈಗಾಡಿಯಲ್ಲಿ ತನ್ನ ಮನೆಗೆ ಸಾಗಿಸಿದ. ಅಂಗಡಿ ಕೋಣೆಯ ನೆಲದ ಬಿರುಕುಗಳಲ್ಲಿ ಕೂತಿದ್ದ ಸಣ್ಣ ಸಣ್ಣ ಹೊಳಪುಗಳನ್ನು ಆಸ್ಪತ್ರೆಯವರು ಹೇಳಿಕೊಟ್ಟ ಹಾಗೆ ಹೊಲಿಗೆಯಕ್ಕ ಹತ್ತು ದಿನ ಕೂತು ತೆಗೆದಳು. ಸಾಮಾನು ಒಯ್ಯಲು ಬಂದ ದಿನ ಮೈದುನನನ್ನು ಅವಳು ಕೇಳಿದಳು, "ಮದುವೆಗೆ ಮುಂಚೆ ಇವರು ಹೇಗಿದ್ರು?"

"ಅಣ್ಣನಾ?" ಮೈದುನ ನಕ್ಕ. "ಒಂದು ಕಡೆ ನಿಂತವನಲ್ಲ, ಒಂದು ನಿಮಿಷ ಬಾಯಿ ಮುಚ್ಚಿದವನಲ್ಲ. ಮೇಷ್ಟ್ರು ನಡೆಯೋದು, ಅಜ್ಜಿ ಸೀನೋದು, ಎಲ್ಲ ಮಾಡಿ ತೋರಿಸೋನು. ನೆಂಟರು ಬಂದ್ರೆ ಇವನ ಸುತ್ತಲೇ ಗುಂಪು. ಪಾದರಸ ಅಂತಾನೇ ನಮ್ಮಪ್ಪ ಹೆಸರಿಟ್ಟಿದ್ರು. ಈ ಕೆಲಸಕ್ಕೆ ಸೇರೋದಕ್ಕೂ ಮುಂಚೆ, ಅತ್ತಿಗೆ."

"ಯಾವಾಗ ಹೀಗಾದ್ರು?"

"ಯಾರು ಗಮನಿಸ್ತಾರೆ. ದುಡಿಯೋಕೆ ಶುರು ಮಾಡಿದ, ಗಂಭೀರ ಆದ ಅಂದ್ಕೊಂಡ್ವಿ. ಒಳ್ಳೇದೇ ಆಯ್ತು ಅಂದ್ರು ಅಪ್ಪ."

ಹೊಲಿಗೆಯಕ್ಕನಿಗೆ ಹೊಟ್ಟೆಕಿಚ್ಚಾಯಿತು. ಅಜ್ಜಿಯ ಹಾಗೆ ಸೀನುತ್ತಿದ್ದ ಆ ಹುಡುಗನನ್ನು ಯಾರು ಯಾರೋ ನೋಡಿದ್ದಾರೆ. ಕಟ್ಟಿಕೊಂಡ ತನಗೆ ಅವನ ಮುಖ ಪರಿಚಯವೂ ಇಲ್ಲ.

ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಮಗಳು ಕೇಳಿಸಿಕೊಂಡಳು. ಆಮೇಲೆ, "ಅಮ್ಮ, ನನ್ನ ಬಾಲ್ಯ ಎಲ್ಲ ಹೆದರಿಕೇಲಿ ಹೋಯ್ತು. ಈಗ ಅಪ್ಪಂದಲ್ಲ, ಪಾದರಸದ್ದು ಅಂದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ?" ಎಂದಳು. ಮಗಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಡಾಕ್ಟರಮ್ಮನ ಮೂಲಕವೇ ಒಬ್ಬ ವಕೀಲೆ ಮನೆಗೆ ಬಂದಳು. ದಿನಬಳಕೆಯ ವಸ್ತುಗಳಲ್ಲಿ ಪಾದರಸ ಇರಕೂಡದು ಎಂಬ ಮಸೂದೆ ಶಾಸನಸಭೆಯ ಸಮಿತಿಯ ಮುಂದಿತ್ತು. ಮುಖ ಬೆಳ್ಳಗೆ ಮಾಡುವ ಕ್ರೀಮು, ಗುಂಡಿಯಂಥ ಬ್ಯಾಟರಿ, ಜ್ವರದ ಕಡ್ಡಿ, ಬಿಪಿ ಪೆಟ್ಟಿಗೆ ಎಲ್ಲ ಅದರ ಪಟ್ಟಿಯಲ್ಲಿದ್ದವು. ವಕೀಲೆ ಹೇಳಿದಳು, "ಡಾಕ್ಟರುಗಳು ಬಂದು ಅಂಕಿ ಅಂಶ ಕೊಟ್ಟಿದ್ದಾರೆ. ಸಮಿತಿಯವರು ತಲೆಯಾಡಿಸಿ ಪಕ್ಕಕ್ಕಿಟ್ಟಿದ್ದಾರೆ. ಕಂಪನಿಯವರು ಗಾಜಿನೊಳಗೆ ಭದ್ರವಾಗಿದೆ, ಯಾರಿಗೆ ಏನಾಗಿದೆ ತೋರಿಸಿ ಅಂತಾರೆ. ಅದನ್ನ ಕೈಯಲ್ಲಿ ಹಿಡಿದು ಬದುಕಿದವರು ಯಾರೂ ಇನ್ನೂ ಬಂದು ಮಾತಾಡಿಲ್ಲ."

ಮೈದುನ ಅಲ್ಲೇ ಇದ್ದ. "ಕೂತ ಕೊಂಬೆ ಕಡೀಬೇಕು ಅಂತೀರಾ? ಅಣ್ಣ ಬಿಟ್ಟ, ಸರಿ. ನಾನು ಇನ್ನೂ ಆ ಕೊಂಬೆ ಮೇಲೇ ಇದ್ದೀನಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಲಿಗೆಯಕ್ಕನ ಪಟ್ಟಿಗಳೂ ಅದೇ ಕೊಂಬೆಯ ಎಲೆಗಳು. ಎಲ್ಲರೂ ರಿಪೇರಿಯಣ್ಣನ ಕಡೆ ನೋಡಿದರು. ಅವನು ಹೊಸಬಳ ಎದುರಿಗೆ ತಲೆ ಎತ್ತದೆ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು, "ಹೇಳ್ತೀನಿ" ಎಂದ. ಅಷ್ಟೇ.

ಹದಿನೈದು ದಿನ ತಯಾರಿ ನಡೆಯಿತು. ಅವನಿಂದ ಬರೆಯಲಾಗುತ್ತಿರಲಿಲ್ಲ. ಅವನು ಹೇಳಿದ್ದನ್ನು ಹೊಲಿಗೆಯಕ್ಕ ದುಂಡಗೆ ಎರಡು ಹಾಳೆ ಬರೆದಳು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅವನು ಅದನ್ನು ಮಿಷನ್ನಿನ ಎದುರು ನಿಂತು ಹೇಳುತ್ತಿದ್ದ. ಅವಳೊಬ್ಬಳೇ ಇದ್ದಾಗ ಮಾತು ತಡೆಯಲಿಲ್ಲ. ಬಟ್ಟಲಿನಲ್ಲಿ ತನ್ನ ಮುಖ ಕಾಣುತ್ತಿದ್ದದ್ದು, ಊಟದ ತಟ್ಟೆಯ ಪಕ್ಕದಲ್ಲೇ ಸೋಸುತ್ತಿದ್ದದ್ದು, ಕೈ ಮಾತು ಕೇಳದೆ ಹೋದದ್ದು, ಎಲ್ಲವನ್ನೂ ಸಾಲಾಗಿ ಹೇಳಿದ. ಒಂದು ದಿನ ಸಮಿತಿಯ ಅಧ್ಯಕ್ಷರು ಹೀಗೆ ಕೂತಿರುತ್ತಾರೆ ಎಂದು ಹೊಟ್ಟೆ ಮುಂದೆ ಮಾಡಿ, ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಹೂಂ, ಮುಂದೆ?" ಎಂದ. ಹೊಲಿಗೆಯಕ್ಕ ನಗುತ್ತಾ ನಗುತ್ತಾ ಹೊಲಿಗೆ ಅಡ್ಡಾದಿಡ್ಡಿ ಹಾಕಿಬಿಟ್ಟಳು. ಅವನೂ ನಕ್ಕ. ಆಮೇಲೆ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಸಮಿತಿಯ ಕೋಣೆ ಅವರು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಕುದುರೆಲಾಳದ ಆಕಾರದ ಮೇಜು, ಏಳು ಜನ ಸದಸ್ಯರು, ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ. ಅಧ್ಯಕ್ಷರು ಸಣಕಲು ಹೆಂಗಸು, ಮೆಲುದನಿಯವರು. ಮೊದಲು ಕಂಪನಿಯ ಕಡೆಯವನು ಮಾತಾಡಿದ. ಒಂದು ಚೀಟಿಯೂ ಇಲ್ಲದೆ ಇಪ್ಪತ್ತು ನಿಮಿಷ ನೀರು ಕುಡಿದ ಹಾಗೆ ಮಾತಾಡಿ, ನಡುವೆ ಎರಡು ಸಲ ಸದಸ್ಯರನ್ನು ನಗಿಸಿದ. ಆಮೇಲೆ ರಿಪೇರಿಯಣ್ಣನನ್ನು ಕರೆದರು.

ಅವನು ಕೂತ. ಎದುರಿನ ಮೈಕಿನಲ್ಲಿ ಕೆಂಪು ದೀಪ ಹತ್ತಿತು. ಹಾಳೆಗಳನ್ನು ಕೈಗೆತ್ತಿಕೊಂಡ. ಅವು ಪಟಪಟ ಅದುರುವ ಸದ್ದು ಮೈಕಿಗೆ ಬಿದ್ದು ಕೋಣೆಯ ತುಂಬ ಕೇಳಿಸಿತು. ಒಬ್ಬ ಸದಸ್ಯ ತಲೆಯೆತ್ತಿ ನೋಡಿದ. ರಿಪೇರಿಯಣ್ಣನ ಕುತ್ತಿಗೆಯಿಂದ ಕೆಂಪು ಏರಿ ಕಿವಿ ಮುಟ್ಟಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೊಲಿಗೆಯಕ್ಕನಿಗೆ ಅದು ಕಂಡಿತು. ಗಿರಾಕಿ ಬಂದಾಗ ಒಳಗೆ ಓಡಿಹೋಗುತ್ತಿದ್ದ ಕೆಂಪು ಅದು. ಇಲ್ಲಿ ಒಳಗೆ ಎನ್ನುವುದಕ್ಕೆ ಕೋಣೆಯೇ ಇರಲಿಲ್ಲ.

"ಆತಂಕ ಬೇಡ. ನಿಧಾನವಾಗಿ ಹೇಳಿ" ಎಂದರು ಅಧ್ಯಕ್ಷರು.

ಅವನು ಬಾಯಿ ತೆರೆದ, ಮುಚ್ಚಿದ. ಹಾಳೆಗಳನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದ. ಒಂದು ನಿಮಿಷ ಹೋಯಿತು. ಯಾರೋ ಕೆಮ್ಮಿದರು.

"ಈ ಕೆಲಸದಿಂದ ನಿಮಗೆ ಏನಾದರೂ ತೊಂದರೆಯಾಗಿದೆಯಾ?"

"ಏನೂ ಇಲ್ಲಮ್ಮ" ಎಂದ ರಿಪೇರಿಯಣ್ಣ. ಆ ಕಣ್ಣುಗಳ ಎದುರಿನಿಂದ ಏಳುವುದಕ್ಕೆ ಅವನಿಗೆ ಹೊಳೆದದ್ದು ಅದೊಂದೇ ಮಾತು.

ಹೊಲಿಗೆಯಕ್ಕ ಎದ್ದು ನಿಂತಳು. "ಅಮ್ಮಾ, ಅವರು ಮನೇಲಿ ಚೆನ್ನಾಗಿ ಹೇಳ್ತಿದ್ರು. ಜನರನ್ನ ಕಂಡ್ರೆ ಮಾತು ನಿಂತು ಹೋಗೋದೇ ಆ ಕಾಯಿಲೆ. ನಾನು ಹೇಳ್ತೀನಿ."

ಪಟ್ಟಿಯಲ್ಲಿ ಹೆಸರಿಲ್ಲದವರು ಮಾತಾಡುವಂತಿಲ್ಲ ಎಂದು ಬಾಗಿಲ ಬಳಿಯ ಜವಾನ ಮೆತ್ತಗೆ ಹೇಳಿದ. ವಕೀಲೆ ಎದ್ದು ವಾದಿಸಿದಳು. ಅಧ್ಯಕ್ಷರು ಗಡಿಯಾರ ನೋಡಿ, ಲಿಖಿತ ಹೇಳಿಕೆ ಇದ್ದರೆ ಸಹಿ ಮಾಡಿ ಕಚೇರಿಗೆ ಕೊಡಬಹುದು ಎಂದರು. ಮುಂದಿನ ಸಾಕ್ಷಿಯನ್ನು ಕರೆದರು.

ಕಚೇರಿಯ ಗುಮಾಸ್ತನ ಮೇಜಿನ ಮುಂದೆ ರಿಪೇರಿಯಣ್ಣ ಸಹಿ ಮಾಡಿದ. ಪೆನ್ನು ಬೆಟ್ಟ ಹತ್ತಿ ಕಣಿವೆ ಇಳಿದು ಹಾಳೆಯ ಅಂಚು ದಾಟಿ ನಿಂತಿತು. ಗುಮಾಸ್ತ ಗುರುತಿನ ಚೀಟಿಯ ಸಹಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿದ.

"ತಾಳೆ ಆಗ್ತಿಲ್ಲವಲ್ಲ."

"ಕೈ ಯಾಕೆ ನಡುಗುತ್ತೆ ಅಂತಾನೇ ಸ್ವಾಮಿ ಅದರಲ್ಲಿ ಬರೆದಿರೋದು" ಎಂದಳು ಹೊಲಿಗೆಯಕ್ಕ.

ಗುಮಾಸ್ತ ಕೆಟ್ಟವನಲ್ಲ. ಎರಡು ಹಾಳೆಗಳನ್ನೂ ಪೂರ್ತಿ ಓದಿದ. "ನನಗೆ ಅರ್ಥ ಆಗುತ್ತಮ್ಮ. ಆದ್ರೆ ನಾನು ತಗೊಂಡ್ರೆ ನಾಳೆ ಇನ್ನೊಬ್ರು ಇದು ಅವರ ಸಹಿ ಅಲ್ಲ ಅಂತ ಎತ್ತಿ ಹಾಕ್ತಾರೆ. ಪ್ರಮಾಣಪತ್ರ ಮಾಡಿಸಿ, ಡಾಕ್ಟರ ಹತ್ರ ಬರೆಸಿ ತನ್ನಿ" ಎಂದ. ಅದನ್ನು ಮಾಡಿಸಲು ವಕೀಲೆ ಓಡಾಡಿದಳು. ಎಂಟನೇ ದಿನ ತೆಗೆದುಕೊಂಡು ಹೋದಾಗ, ಹೇಳಿಕೆ ಸ್ವೀಕರಿಸುವ ಅವಧಿ ಹಿಂದಿನ ದಿನವೇ ಮುಗಿದಿತ್ತು.

ಸಹಿ ತಾಳೆಯಾಗದ ಆ ಮೊದಲ ದಿನ ಸಮಿತಿಯಿಂದ ಮರಳುವಾಗ ಬಸ್ಸಿನ ನಿಲ್ದಾಣದಲ್ಲಿ ರಿಪೇರಿಯಣ್ಣ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನನ್ನ ಯಾರೇ ಎದ್ದು ನಿಲ್ಲು ಅಂದೋರು? ಕಾಯಿಲೆಯವನು ಅಂತ ಸಭೆಯಲ್ಲಿ ಸಾರಿದೆಯಲ್ಲ." ನಿಂತವರೆಲ್ಲ ನೋಡಿದರು. ಮುಂಚೆ ಇಂಥ ಹೊತ್ತಿನಲ್ಲಿ ಹೊಲಿಗೆಯಕ್ಕ ಮೇಲ್ನೋಟಕ್ಕೆ ಸುಮ್ಮನಿದ್ದರೂ ಒಳಗೊಳಗೇ ತಿರುಗಿ ಬೈಯುತ್ತಿದ್ದಳು. ನಿನ್ನ ಬಾಯಿಗೆ ಮಣ್ಣು ಹಾಕ ಎನ್ನುತ್ತಿದ್ದಳು. ಆ ಬೈಗುಳದ ಬಲದಿಂದಲೇ ಮೂವತ್ತೆರಡು ವರ್ಷ ಕಳೆದಿದ್ದಳು ಎನ್ನಬೇಕು. ಈಗ ಬೈಯಲು ಹೋದರೆ ಅದು ಯಾರಿಗೆ ತಗಲುತ್ತದೆ ಎಂದೇ ತಿಳಿಯಲಿಲ್ಲ. ಬೈಯುವ ಬಾಯಿಯ ಎಂಜಲು ಅವನ ಗಲ್ಲದ ಮೇಲೆ ಇಳಿದಿತ್ತು. ಸೆರಗಿನಿಂದ ಒರೆಸಿದಳು. ಅವನು ಅವಳ ಕೈ ತಳ್ಳಿದ.

ಐದು ತಿಂಗಳ ಮೇಲೆ ವರದಿ ಬಂತು. ಮುಖದ ಕ್ರೀಮು, ಬ್ಯಾಟರಿಗಳಿಗೆ ನಿಷೇಧ. ಅಳತೆಯ ಉಪಕರಣಗಳ ಬಗ್ಗೆ ಹೆಚ್ಚಿನ ಅಧ್ಯಯನ ಬೇಕು, ಅಲ್ಲಿಯವರೆಗೆ ಈಗಿರುವಂತೆ ನಡೆಯಲಿ ಎಂದು ಶಿಫಾರಸು. ಕಾನೂನೂ ಹಾಗೆಯೇ ಆಯಿತು. ವಕೀಲೆ ವರದಿಯ ಪ್ರತಿಯೊಂದನ್ನು ತಂದುಕೊಟ್ಟು, "ಅರ್ಧ ಗೆದ್ದಿದ್ದೀವಿ. ಆ ಕ್ರೀಮು ಹಚ್ಚಿಕೊಳ್ಳೋ ಎಷ್ಟೋ ಹೆಣ್ಣುಮಕ್ಕಳು ಬದುಕಿಕೊಂಡ್ರು" ಎಂದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅರವತ್ತೆಂಟನೇ ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಹೊಲಿಗೆಯಕ್ಕ ಓದಿದಳು: "ರಿಪೇರಿ ವೃತ್ತಿಯ ಕಡೆಯಿಂದ ಹಾಜರಾದ ಒಬ್ಬ ಸಾಕ್ಷಿ, ಕೆಲಸದಿಂದ ತಮಗೆ ಯಾವ ತೊಂದರೆಯೂ ಆಗಿಲ್ಲವೆಂದು ತಿಳಿಸಿದರು."

"ಇದನ್ನ ತಿದ್ದಿಸೋಕೆ ಆಗಲ್ವಾ?"

"ಅವರು ಹೇಳಿದ ಮಾತೇ ಅಲ್ವಾ ಅದು" ಎಂದಳು ವಕೀಲೆ. ಆದರೂ ತಿದ್ದುಪಡಿ ಕೋರಿ ಒಂದು ಪತ್ರ ಬರೆದಳು. ವರದಿ ಅಂಗೀಕಾರವಾಗಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಹೊಲಿಗೆಯಕ್ಕ ಗಂಡನಿಗೆ ವರದಿಯನ್ನು ತೋರಿಸಲಿಲ್ಲ. ಅವನು ಕೇಳಲೂ ಇಲ್ಲ. ನಡುಕ ಡಾಕ್ಟರಮ್ಮ ಹೇಳಿದಂತೆ ಸ್ವಲ್ಪ ಇಳಿದಿತ್ತು, ಲೋಟ ಎರಡೂ ಕೈಯಲ್ಲಿ ಹಿಡಿದರೆ ಚೆಲ್ಲುತ್ತಿರಲಿಲ್ಲ. ಸಿಟ್ಟು ಇಳಿಯಲಿಲ್ಲ. ಮಗಳು ಒಂದು ಸಲ ಬಂದು, ಬೀದಿಯಲ್ಲೇ ನಿಂತು ತಾಯಿಯ ಜೊತೆ ಮಾತಾಡಿ ಹೋದಳು.

ಒಂದು ಭಾನುವಾರ ಹೊಲಿಗೆಯಕ್ಕ ಹೊಲಿದ ಪಟ್ಟಿಗಳನ್ನು ಕೊಡಲು ಮೈದುನನ ಮನೆಗೆ ಹೋದಳು. ಅವನು ಮಲಗುವ ಕೋಣೆಯ ಮೂಲೆಯಲ್ಲಿ ಮೇಜು ಹಾಕಿಕೊಂಡು ತಾನೇ ಪಾದರಸ ಸೋಸುತ್ತಿದ್ದ. ಬಿಳಿಯ ತಟ್ಟೆ, ಬಟ್ಟಲು, ಕಾಗದದ ಪೊಟ್ಟಣ. ಪಕ್ಕದ ಮಂಚದ ಮೇಲೆ ಅವನ ಮೊಮ್ಮಗು ಮಲಗಿತ್ತು.

"ಮಗು ಇರೋ ಕೋಣೇಲಿ ಮಾಡ್ತಿದ್ದೀಯಲ್ಲೋ" ಎಂದಳು.

"ಎರಡೇ ಕೋಣೆ ಅತ್ತಿಗೆ. ಅಡುಗೆಮನೇಲಿ ಮಾಡ್ಲಾ?" ಅವನು ಪೊಟ್ಟಣದಿಂದ ಕಣ್ಣು ತೆಗೆಯಲಿಲ್ಲ. "ಹೆದರ್ಕೋಬೇಡಿ. ಇದ್ರಿಂದ ತೊಂದ್ರೆ ಇದ್ದಿದ್ರೆ ಸರ್ಕಾರ ಬಿಡ್ತಿತ್ತಾ? ಕ್ರೀಮು ನಿಲ್ಲಿಸಿದ್ರು, ಇದನ್ನ ಬಿಟ್ರು. ಏಳು ಜನ ಕೂತು ವಿಚಾರ ಮಾಡಿದ್ದಾರೆ."

"ನಿಮ್ಮಣ್ಣನ್ನ ನೋಡಿದೀಯಲ್ಲ."

"ಅಣ್ಣಂದು ಬೇರೆ ಪ್ರಕೃತಿ. ಅವನೇ ಹೋಗಿ ಏನೂ ಇಲ್ಲ ಅಂತ ಹೇಳಿ ಬಂದನಲ್ಲ."

ಹೊಲಿಗೆಯಕ್ಕ ಅವನ ಕೈ ನೋಡಿದಳು. ಚೂರೂ ಅಲುಗಾಡದ ಕೈ. ಅವಳು ಹೋಗಿ ಮುಚ್ಚಿದ್ದ ಕಿಟಕಿಯನ್ನು ತೆರೆದಳು. ಬೀದಿಯ ಗಾಳಿ ಒಳಗೆ ಬಂದು ಮೇಜಿನ ಕಾಗದಗಳು ಸರಿದವು.

"ಬೇಡ ಅತ್ತಿಗೆ, ಧೂಳು ಬಿದ್ರೆ ಪಾದರಸ ಕೆಡುತ್ತೆ" ಎಂದ ಮೈದುನ ನಯವಾಗಿ. ಎದ್ದು ಬಂದು ಕಿಟಕಿ ಮುಚ್ಚಿದ. "ಕೂತ್ಕೊಳ್ಳಿ. ಇವಳು ಚಹಾ ಇಟ್ಟಿದ್ದಾಳೆ, ಕುಡಿದು ಹೋಗೋರಂತೆ."

ಒಳಗಿನಿಂದ ಓರಗಿತ್ತಿ ಕರೆದಳು. ಹೊಲಿಗೆಯಕ್ಕ ಮಲಗಿದ್ದ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಎಚ್ಚರವಾದ ಮಗು ರಚ್ಚೆ ಹಿಡಿಯಿತು. "ಯಾಕಕ್ಕ, ಈಗ ತಾನೇ ನಿದ್ದೆ ಬಂದಿತ್ತು" ಎನ್ನುತ್ತ ಓರಗಿತ್ತಿ ಅದನ್ನು ಇಸಿದುಕೊಂಡು, ಹೆಗಲಿಗೆ ಹಾಕಿ ತಟ್ಟುತ್ತಾ, ಮತ್ತೆ ಆ ಕೋಣೆಗೇ ನಡೆದಳು.